ಅಯಾನಿನ ಲೆಕ್ಕ ಸೊನ್ನೆಗೆ ನಿಲ್ಲುವುದಿಲ್ಲ: ಉತ್ಕರ್ಷಣ ಸಂಖ್ಯೆ ಕಂಡುಹಿಡಿಯುವ ಕ್ರಮ

ಸಲ್ಫೇಟ್ ಅಯಾನಿನಲ್ಲಿ (ಒಂದು ಗಂಧಕ, ನಾಲ್ಕು ಆಮ್ಲಜನಕ ಸೇರಿ 2− ಆವೇಶ ಹೊತ್ತ ಗುಂಪು) ಗಂಧಕದ ಉತ್ಕರ್ಷಣ ಸಂಖ್ಯೆ ಎಷ್ಟು? ಈ ಪ್ರಶ್ನೆಗೆ ಮಕ್ಕಳಿಂದ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ: +8 ಮತ್ತು +6. +8 ಬರೆದವರಿಗೆ ಗುಣಾಕಾರ ಬರುವುದಿಲ್ಲವೆಂದಲ್ಲ. ನಾಲ್ಕು ಆಮ್ಲಜನಕಕ್ಕೆ −8 ಎಂದು ಸರಿಯಾಗಿಯೇ ಹಾಕಿರುತ್ತಾರೆ. ಆಮೇಲೆ ಒಟ್ಟು ಮೊತ್ತ ಸೊನ್ನೆಯಾಗಬೇಕೆಂದು ಹಿಡಿದು ಗಂಧಕಕ್ಕೆ +8 ಕೊಟ್ಟುಬಿಡುತ್ತಾರೆ. ನೀರು, ಸುಣ್ಣ, ಅಡುಗೆ ಉಪ್ಪುಗಳಂಥ ಸಂಯುಕ್ತಗಳಲ್ಲಿ ಮೊತ್ತ ಸೊನ್ನೆ, ನಿಜ. ಅಯಾನಿನಲ್ಲಿ ಮಾತ್ರ ಮೊತ್ತ ಅದರ ಆವೇಶಕ್ಕೆ ಸಮ. ಈ ಒಂದು ಮಾತು ತಲೆಯಲ್ಲಿ ಕೂತರೆ ಮುಕ್ಕಾಲು ಪಾಠ ಮುಗಿದಂತೆ.

ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಹತ್ತನೆಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಮಕ್ಕಳು ಪ್ಲಸ್ ವನ್‌ಗೆ (ಹನ್ನೊಂದನೆಯ ತರಗತಿಗೆ) ಬಂದಾಗ ಪುಸ್ತಕ ಇಂಗ್ಲಿಷಿನದ್ದಾಗಿರುತ್ತದೆ. ಪಾಠ ಕಷ್ಟವಲ್ಲ, ನಿಯಮಗಳ ಪಟ್ಟಿ ನೋಡಿಯೇ ಗಾಬರಿ. ಆದ್ದರಿಂದ ಇಲ್ಲಿ ಪಟ್ಟಿಗಿಂತ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದೆ. ಓದಲು ಸುಲಭವಾಗಲೆಂದು ಪರಮಾಣುಗಳನ್ನು ಹೆಸರು ಮತ್ತು ಎಣಿಕೆಗಳಲ್ಲಿ ಹೇಳಿದೆ. ನೋಟ್‌ಬುಕ್ಕಿನಲ್ಲಿ ಮಾತ್ರ ಸಂಕೇತಗಳಲ್ಲೇ ಬರೆದು ಅಭ್ಯಾಸ ಮಾಡಿ. ಗೊತ್ತಿಲ್ಲದ ಸಂಖ್ಯೆಗೆ ಎಲ್ಲ ಕಡೆ ಕ್ಷ ಎಂದಿದೆ.

ಈ ಸಂಖ್ಯೆ ಯಾವುದರ ಲೆಕ್ಕ?

ಎರಡು ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಬಂಧ ಕಟ್ಟಿಕೊಂಡಿರುತ್ತವೆ. ಅವುಗಳಲ್ಲಿ ಎಲೆಕ್ಟ್ರಾನನ್ನು ಹೆಚ್ಚು ಬಲವಾಗಿ ಎಳೆಯುವ ಪರಮಾಣುವಿನ ಹೆಸರಿಗೇ ಹಂಚಿಕೊಂಡ ಎರಡೂ ಎಲೆಕ್ಟ್ರಾನುಗಳನ್ನು ಬರೆದುಬಿಟ್ಟರೆ ಪ್ರತಿ ಪರಮಾಣುವಿನ ಮೇಲೆ ಎಷ್ಟು ಆವೇಶ ಉಳಿದಂತಾಗುತ್ತದೆ ಎಂಬುದೇ ಉತ್ಕರ್ಷಣ ಸಂಖ್ಯೆ. ಸಲ್ಫೇಟಿನಲ್ಲಿ ಗಂಧಕದ ಸಂಖ್ಯೆ +6 ಎಂದಾಗ ಆರು ಎಲೆಕ್ಟ್ರಾನು ಪೂರ್ತಿ ಕಳೆದುಕೊಂಡ ಗಂಧಕವೊಂದು ಅಲ್ಲಿ ನಿಜವಾಗಿಯೂ ಕೂತಿದೆ ಎಂದು ತಿಳಿಯಬಾರದು. ಅದು ಲೆಕ್ಕಕ್ಕಾಗಿ ಮಾಡಿಕೊಂಡ ಏರ್ಪಾಡು.

ಎಳೆಯುವ ಶಕ್ತಿಯನ್ನು ಪೌಲಿಂಗ್ ಮಾಪನದಲ್ಲಿ ಹೇಳುವುದು ರೂಢಿ. ಫ್ಲೋರಿನ್ 3.98, ಆಮ್ಲಜನಕ 3.44, ಕ್ಲೋರಿನ್ 3.16, ಸಾರಜನಕ 3.04, ಗಂಧಕ 2.58, ಇಂಗಾಲ 2.55, ಜಲಜನಕ 2.20. ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಇಳಿಯುವ ಕ್ರಮ ನೆನಪಿದ್ದರೆ ಸಾಕು. ಆಮ್ಲಜನಕಕ್ಕೆ ಬಹುಮಟ್ಟಿಗೆ −2 ಸಿಗುವುದಕ್ಕೂ ಫ್ಲೋರಿನ್‌ಗೆ ಯಾವಾಗಲೂ −1 ಸಿಗುವುದಕ್ಕೂ ಕಾರಣ ಇಲ್ಲಿದೆ.

ನಿಯಮಗಳು ಮತ್ತು ಅವುಗಳ ಅಧಿಕಾರ

ನಿಯಮಗಳೆಲ್ಲ ಒಂದೇ ತೂಕದವಲ್ಲ. ಎರಡು ನಿಯಮಗಳು ಒಂದಕ್ಕೊಂದು ಎದುರಾದರೆ ಪಟ್ಟಿಯಲ್ಲಿ ಮೇಲಿರುವುದೇ ಗೆಲ್ಲುತ್ತದೆ. ಪಠ್ಯಪುಸ್ತಕಗಳು ಇದನ್ನು ಅಷ್ಟು ಒತ್ತಿ ಹೇಳುವುದಿಲ್ಲ, ಮಕ್ಕಳು ಎಡವುವುದು ಬಹಳ ಸಲ ಇಲ್ಲೇ.

1. ಬಿಡಿ ಧಾತುವಿಗೆ ಸೊನ್ನೆ. ಗಾಳಿಯ ಆಮ್ಲಜನಕಕ್ಕೂ ತಾಮ್ರದ ತಂತಿಗೂ ಎಂಟು ಪರಮಾಣುಗಳ ಗಂಧಕದ ಅಣುವಿಗೂ ಸೊನ್ನೆಯೇ.
2. ಒಂದೇ ಪರಮಾಣುವಿನ ಅಯಾನಿಗೆ ಅದರ ಆವೇಶವೇ ಸಂಖ್ಯೆ.
3. ಸಂಯುಕ್ತದಲ್ಲಿ ಫ್ಲೋರಿನ್ ಯಾವಾಗಲೂ −1.
4. ಸೋಡಿಯಂ, ಪೊಟ್ಯಾಸಿಯಂ ಗುಂಪಿಗೆ +1, ಕ್ಯಾಲ್ಸಿಯಂ, ಮೆಗ್ನೀಸಿಯಂ ಗುಂಪಿಗೆ +2, ಅಲ್ಯೂಮಿನಿಯಂಗೆ +3.
5. ಜಲಜನಕಕ್ಕೆ +1. ಸೋಡಿಯಂ ಹೈಡ್ರೈಡಿನಂತೆ ಲೋಹದ ಜೊತೆ ಸೇರಿದ್ದರೆ −1.
6. ಆಮ್ಲಜನಕಕ್ಕೆ −2. ಪೆರಾಕ್ಸೈಡಿನಲ್ಲಿ −1, ಸೂಪರ್‌ಆಕ್ಸೈಡಿನಲ್ಲಿ −½.
7. ಕ್ಲೋರಿನ್, ಬ್ರೋಮಿನ್, ಅಯೋಡಿನ್‌ಗೆ −1. ಆಮ್ಲಜನಕಕ್ಕೋ ತಮಗಿಂತ ಬಲವಾದ ಹ್ಯಾಲೊಜೆನ್‌ಗೋ (ಫ್ಲೋರಿನ್, ಕ್ಲೋರಿನ್‌ಗಳ ಇದೇ ಗುಂಪಿನ ಧಾತುವಿಗೋ) ಅಂಟಿಕೊಂಡಿದ್ದರೆ ಈ ನಿಯಮ ನಡೆಯದು.

ಹೈಡ್ರೋಜನ್ ಪೆರಾಕ್ಸೈಡ್ ನೋಡಿ: ಜಲಜನಕ 2, ಆಮ್ಲಜನಕ 2, ಮೊತ್ತ ಸೊನ್ನೆ. ಜಲಜನಕಕ್ಕೆ +1 ಕೊಟ್ಟರೆ ಒಂದೊಂದು ಆಮ್ಲಜನಕಕ್ಕೆ −1 ಉಳಿಯುತ್ತದೆ. ಆಮ್ಲಜನಕಕ್ಕೆ −2 ಎಂದು ಮೊದಲು ಹಿಡಿದರೆ ಜಲಜನಕಕ್ಕೆ +2 ಬರುತ್ತದೆ. ಒಂದೇ ಎಲೆಕ್ಟ್ರಾನು ಇರುವ ಪರಮಾಣು ಎರಡು ಎಲ್ಲಿಂದ ಕೊಟ್ಟೀತು? ಐದನೆಯ ನಿಯಮ ಆರನೆಯದಕ್ಕಿಂತ ಮೇಲಿರುವುದು ಇದಕ್ಕೇ.

ಕ್ರಮ

ಮೊದಲು ಅಯಾನನ್ನು ಆವೇಶ ಸಮೇತ ಬರೆದುಕೊಳ್ಳಿ. ಪ್ರಶ್ನೆಯಲ್ಲಿ ಉಪ್ಪು ಕೊಟ್ಟಿದ್ದರೆ ಅದನ್ನು ಒಡೆಯಿರಿ. ಅಡಿಕೆ ತೋಟಕ್ಕೆ ಮದ್ದು ಬಿಡಲು ತರುವ ಮೈಲುತುತ್ತನ್ನೇ ತೆಗೆದುಕೊಳ್ಳೋಣ. ಅದು ತಾಮ್ರದ ಸಲ್ಫೇಟು, ಜೊತೆಗೆ ಐದು ಅಣು ನೀರು. ಒಡೆದರೆ 2+ ಆವೇಶದ ತಾಮ್ರ, 2− ಆವೇಶದ ಸಲ್ಫೇಟ್, ಮತ್ತು ತನ್ನ ಮಟ್ಟಿಗೆ ಮೊತ್ತ ಸೊನ್ನೆಯಾಗುವ ನೀರು. ನೀರಿನ ಆಮ್ಲಜನಕವನ್ನು ಸಲ್ಫೇಟಿನ ಆಮ್ಲಜನಕದೊಂದಿಗೆ ಕೂಡಿಸಿ ಒಂಬತ್ತು ಮಾಡಿಕೊಂಡು ಗೋಜಲು ಮಾಡಿಕೊಳ್ಳಬೇಡಿ.

ಆಮೇಲೆ ಗೊತ್ತಿರುವ ಸಂಖ್ಯೆಯನ್ನು ಪ್ರತಿ ಸಂಕೇತದ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಇದು ಒಂದು ಪರಮಾಣುವಿನ ಸಂಖ್ಯೆ. ಒಟ್ಟು ಎಷ್ಟಾಯಿತು ಎಂಬುದನ್ನು ಸಂಕೇತದ ಕೆಳಗೆ ಬರೆಯಿರಿ. ಸಲ್ಫೇಟಿನಲ್ಲಿ ಆಮ್ಲಜನಕದ ಮೇಲೆ −2, ಕೆಳಗೆ −8. ಮೇಲಿನದ್ದು ಬಿಡಿ, ಕೆಳಗಿನದ್ದು ಒಟ್ಟು ಎಂದು ಬೇರೆ ಬೇರೆ ಜಾಗ ಕೊಟ್ಟರೆ ಕೊನೆಯಲ್ಲಿ ಭಾಗಿಸಲು ಮರೆಯುವುದು ತಪ್ಪುತ್ತದೆ.

ಈಗ ಸಮೀಕರಣ. ಎಡಗಡೆ ಎಲ್ಲ ಪರಮಾಣುಗಳ ಮೊತ್ತ, ಬಲಗಡೆ ಅಯಾನಿನ ಆವೇಶ:

ಕ್ಷ + 4 × (−2) = −2
ಕ್ಷ = −2 + 8 = +6

ಬಲಗಡೆಯ −2 ಅನ್ನು ಸಮೀಕರಣ ಶುರುಮಾಡುವ ಮೊದಲೇ ಬರೆದುಬಿಡುವುದು ಒಳ್ಳೆಯ ಅಭ್ಯಾಸ. ಎಡಗಡೆ ತುಂಬುತ್ತ ಹೋದವರ ಕೈ ಕೊನೆಗೆ ತಾನಾಗಿ ಸೊನ್ನೆ ಬರೆಯುತ್ತದೆ.

ಉತ್ತರ ಬರೆಯುವಾಗ ಚಿಹ್ನೆ ಮೊದಲು, ಅಂಕಿ ಆಮೇಲೆ: +6. ಆವೇಶಕ್ಕೆ ಇದು ತಿರುವುಮುರುವು, ಅಂಕಿ ಮೊದಲು: 2−. ಸಣ್ಣ ವಿಷಯವೆನಿಸಬಹುದು. ಆದರೆ ಒಂದೇ ಸಾಲಿನಲ್ಲಿ ಎರಡೂ ಬಂದಾಗ ಯಾವುದು ಬಿಡಿ ಪರಮಾಣುವಿನದು, ಯಾವುದು ಇಡೀ ಅಯಾನಿನದು ಎಂದು ಕಣ್ಣಿಗೆ ಹೇಳುವುದು ಈ ವ್ಯತ್ಯಾಸವೇ.

ಕೊನೆಯ ಹೆಜ್ಜೆ ತಾಳೆ ನೋಡುವುದು. ಪ್ರತಿ ಧಾತುವಿಗೂ ಒಂದು ಮೇಲ್ಮಿತಿ, ಒಂದು ಕೆಳಮಿತಿ ಇದೆ. ಗಂಧಕ +6 ರಿಂದ −2, ಸಾರಜನಕ ಮತ್ತು ರಂಜಕ +5 ರಿಂದ −3, ಕ್ಲೋರಿನ್ +7 ರಿಂದ −1, ಇಂಗಾಲ +4 ರಿಂದ −4. ಕ್ರೋಮಿಯಂ +6 ದಾಟುವುದಿಲ್ಲ, ಮ್ಯಾಂಗನೀಸ್ +7 ದಾಟುವುದಿಲ್ಲ. ಕೊಡಲು ಇರುವ ಎಲೆಕ್ಟ್ರಾನುಗಳೇ ಅಷ್ಟು. ಗಂಧಕಕ್ಕೆ +8 ಬಂದ ಕೂಡಲೇ ತಪ್ಪಿದೆ ಎಂದು ಗೊತ್ತಾಗಬೇಕು, ಮಾಸ್ಟ್ರು ಕೆಂಪು ಗೆರೆ ಎಳೆಯುವವರೆಗೆ ಕಾಯಬೇಕಾಗಿಲ್ಲ.

ಕತ್ತಿ ಅದ್ದಿ ನೋಡಿದಾಗ

ಮೈಲುತುತ್ತಿನ ಮಾತು ಬಂದದ್ದರಿಂದ, ಅದಕ್ಕೆ ಸುಣ್ಣ ಸೇರಿಸಿ ಮಾಡುವ ಬೋರ್ಡೋ ಮಿಶ್ರಣದಲ್ಲೇ ಮುಂದುವರಿಸಬಹುದು. ಕೊಳೆರೋಗಕ್ಕೆ ಬಿಡುವ ಶೇಕಡಾ 1ರ ಮದ್ದಿಗೆ 1 ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯುತ್ತಾರೆ. ನೀಲಿ ಬಣ್ಣದ ಮಡ್ಡಿ ಮದ್ದು ತಯಾರಾಗುತ್ತದೆ. ಇಲ್ಲಿ ಯಾವುದರ ಉತ್ಕರ್ಷಣ ಸಂಖ್ಯೆ ಬದಲಾಯಿತು? ಯಾವುದೂ ಇಲ್ಲ. ತಾಮ್ರ +2 ಇದ್ದದ್ದು +2 ಆಗಿಯೇ, ಗಂಧಕ +6 ಆಗಿಯೇ, ಕ್ಯಾಲ್ಸಿಯಂ +2 ಆಗಿಯೇ ಉಳಿದವು. ಬಣ್ಣ ಬದಲಾದರೆ, ಗಸಿ ಬಂದರೆ ಅದು ಉತ್ಕರ್ಷಣವೇ ಆಗಿರಬೇಕೆಂದಿಲ್ಲ.

ಮದ್ದು ಹದವಾಗಿದೆಯೇ ನೋಡಲು ತಿಕ್ಕಿ ಹೊಳಪು ಮಾಡಿದ ಕತ್ತಿಯನ್ನೋ ಚೂರಿಯನ್ನೋ ಸ್ವಲ್ಪ ಹೊತ್ತು ಅದ್ದುತ್ತಾರಲ್ಲ, ಆಗ ನಡೆಯುವುದು ಬೇರೆ ಕತೆ. ಸುಣ್ಣ ಕಡಿಮೆಯಾಗಿದ್ದರೆ ನೀರಿನಲ್ಲಿ ತಾಮ್ರದ ಅಯಾನು ಬಿಡಿಯಾಗಿ ಉಳಿದಿರುತ್ತದೆ. ಅದು ಕಬ್ಬಿಣದಿಂದ ಎರಡು ಎಲೆಕ್ಟ್ರಾನು ಕಿತ್ತುಕೊಂಡು ತಾಮ್ರವಾಗಿ ಅಲಗಿನ ಮೇಲೆ ಕೆಂಪಗೆ ಕೂರುತ್ತದೆ. ತಾಮ್ರ +2 ರಿಂದ 0 ಗೆ ಇಳಿಯಿತು, ಕಬ್ಬಿಣ 0 ಯಿಂದ +2 ಗೆ ಏರಿತು. ಇಳಿದದ್ದು ಅಪಕರ್ಷಣ, ಏರಿದ್ದು ಉತ್ಕರ್ಷಣ. ಸಲ್ಫೇಟಿನ ಗಂಧಕ ಮಾತ್ರ +6 ರಲ್ಲೇ ಸುಮ್ಮನೆ ಇರುತ್ತದೆ. ಕೆಂಪು ಕಂಡರೆ ಇನ್ನಷ್ಟು ಸುಣ್ಣದ ನೀರು ಬೇಕು. ಕಬ್ಬಿಣದ ಡ್ರಮ್ಮಿನಲ್ಲಿ ಈ ಮದ್ದು ಮಾಡಬಾರದು ಎನ್ನುವುದಕ್ಕೂ ಇದೇ ಕಾರಣ.

ಒಂದು ಆಮ್ಲಜನಕ ಹೆಚ್ಚಾದರೆ, ಒಂದು ಆವೇಶ ಹೆಚ್ಚಾದರೆ

ನೈಟ್ರೇಟ್: ಸಾರಜನಕ 1, ಆಮ್ಲಜನಕ 3, ಆವೇಶ 1−. ಕ್ಷ − 6 = −1, ಅಂದರೆ +5. ನೈಟ್ರೈಟಿನಲ್ಲಿ ಆಮ್ಲಜನಕ ಎರಡೇ, ಆವೇಶ ಅಷ್ಟೇ; ಕ್ಷ − 4 = −1, ಅಂದರೆ +3. ಆವೇಶ ಬದಲಾಗದೆ ಒಂದು ಆಮ್ಲಜನಕ ಕಡಿಮೆಯಾದರೆ ನಡುವಿನ ಪರಮಾಣುವಿನ ಸಂಖ್ಯೆ ಎರಡು ಇಳಿಯುತ್ತದೆ. ಕ್ಲೋರಿನ್ನಿನ ಕುಟುಂಬದಲ್ಲಿ ಇದು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ: ಪರ್‌ಕ್ಲೋರೇಟ್ +7, ಕ್ಲೋರೇಟ್ +5, ಕ್ಲೋರೈಟ್ +3, ಹೈಪೋಕ್ಲೋರೈಟ್ +1.

ಹೈಪೋಕ್ಲೋರೈಟ್ ನಮ್ಮ ಬಾವಿಗಳಿಗೆ ಹೊಸದಲ್ಲ. 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಲೆಕ್ಕದಲ್ಲಿ ಹಾಕುವ ಬ್ಲೀಚಿಂಗ್ ಪುಡಿಯಲ್ಲಿ ಇರುವುದು ಅದೇ. ಶಾಲೆಯಲ್ಲಿ ಕಲಿಸುವ ಸೂತ್ರದಲ್ಲಿ ಕ್ಯಾಲ್ಸಿಯಂ 1, ಆಮ್ಲಜನಕ 1, ಕ್ಲೋರಿನ್ 2. ಒಡೆಯದೆ ಲೆಕ್ಕ ಹಾಕಿದರೆ 2 + 2ಕ್ಷ − 2 = 0, ಕ್ಲೋರಿನ್ ಸೊನ್ನೆ! ಸರಾಸರಿ ಸರಿ, ಅರ್ಥ ಮಾತ್ರ ತಪ್ಪು. ಒಡೆದು ನೋಡಿದರೆ ಒಂದು ಕ್ಲೋರಿನ್ −1 ರ ಕ್ಲೋರೈಡ್, ಇನ್ನೊಂದು +1 ರ ಹೈಪೋಕ್ಲೋರೈಟ್. ರೋಗಾಣುಗಳನ್ನು ಕೊಲ್ಲುವ ಕೆಲಸ ಎರಡನೆಯದ್ದು.

ಇದೇ ಬಲೆ ಅಮೋನಿಯಂ ನೈಟ್ರೇಟಿನಲ್ಲೂ ಇದೆ. ಎರಡು ಸಾರಜನಕಗಳನ್ನು ಒಟ್ಟಿಗೆ ಹಿಡಿದರೆ +1 ಬರುತ್ತದೆ. ಒಡೆದರೆ ಅಮೋನಿಯಂನಲ್ಲಿ ಕ್ಷ + 4 = +1, ಅಂದರೆ −3; ನೈಟ್ರೇಟಿನಲ್ಲಿ +5. ಅಮೋನಿಯಂ ಧನ ಅಯಾನು ಎಂಬ ಕಾರಣಕ್ಕೆ ಅದರ ಸಾರಜನಕವೂ ಧನವಾಗಿರಬೇಕೆಂದು ಊಹಿಸಬೇಡಿ.

ಗಂಧಕಕ್ಕೆ ಮರಳಿದರೆ, ಸಲ್ಫೈಟಿನಲ್ಲಿ ಆಮ್ಲಜನಕ 3, ಆವೇಶ 2−, ಗಂಧಕ +4. ಎಣ್ಮಕಜೆಯ ಕಡೆಯವರಿಗೆ ಗೇರು ತೋಟಕ್ಕೆ ಬಿಡುತ್ತಿದ್ದ ಎಂಡೋಸಲ್ಫಾನ್ ಕೀಟನಾಶಕದ ಹೆಸರು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಅಣುವಿನೊಳಗೆ ಗಂಧಕ ಇರುವುದು ಸಲ್ಫೈಟಿನ ರೂಪದಲ್ಲಿ, +4 ರಲ್ಲಿ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಉತ್ಕರ್ಷಿಸಿದಾಗ ಒಂದು ಆಮ್ಲಜನಕ ಸೇರಿ ಎಂಡೋಸಲ್ಫಾನ್ ಸಲ್ಫೇಟ್ ಆಗುತ್ತದೆ, ಗಂಧಕ +6 ಕ್ಕೆ ಏರುತ್ತದೆ. ಈ ಸಲ್ಫೇಟು ಮೂಲ ವಿಷಕ್ಕಿಂತ ಹೆಚ್ಚು ಕಾಲ ಮಣ್ಣಿನಲ್ಲಿ ಉಳಿಯುತ್ತದೆ, ಅದೂ ವಿಷವೇ. ಒಡೆದುಹೋಯಿತು ಎಂದ ಮಾತ್ರಕ್ಕೆ ಹೋಯಿತು ಎಂದಾಗಲಿಲ್ಲ.

ಆವೇಶ ಎಷ್ಟು ಮುಖ್ಯವೆಂದು ತೋರಿಸಲು ಮ್ಯಾಂಗನೀಸಿಗಿಂತ ಒಳ್ಳೆಯ ಉದಾಹರಣೆ ಸಿಗದು. ಪರ್‌ಮ್ಯಾಂಗನೇಟ್, ಮ್ಯಾಂಗನೇಟ್ ಎರಡರಲ್ಲೂ ಮ್ಯಾಂಗನೀಸ್ 1, ಆಮ್ಲಜನಕ 4. ಮೊದಲನೆಯದರ ಆವೇಶ 1−, ಎರಡನೆಯದರದ್ದು 2−. ಕ್ಷ − 8 = −1 ಎಂದರೆ +7; ಕ್ಷ − 8 = −2 ಎಂದರೆ +6. ಮೊದಲನೆಯದು ಕಡು ನೇರಳೆ, ಎರಡನೆಯದು ಹಸಿರು. ಆವೇಶ ಬರೆಯಲು ಮರೆತವರಿಗೆ ಇವೆರಡೂ ಒಂದೇ ಅಯಾನು.

ಎರಡು ಪರಮಾಣು ಇದ್ದಾಗ, ಜಲಜನಕ ಸೇರಿದಾಗ

ಡೈಕ್ರೋಮೇಟಿನಲ್ಲಿ ಕ್ರೋಮಿಯಂ 2, ಆಮ್ಲಜನಕ 7, ಆವೇಶ 2−. 2ಕ್ಷ − 14 = −2, 2ಕ್ಷ = +12, ಕ್ಷ = +6. +12 ರಲ್ಲೇ ನಿಂತುಬಿಡುವವರಿದ್ದಾರೆ. ಮೇಲ್ಮಿತಿ ನೋಡುವ ಅಭ್ಯಾಸವಿದ್ದರೆ ಅಲ್ಲಿ ನಿಲ್ಲಲಾಗದು. ಹಳದಿ ಕ್ರೋಮೇಟಿನಲ್ಲೂ ಕ್ರೋಮಿಯಂ +6 ಎಂಬುದನ್ನು ನೀವೇ ಹಾಕಿ ನೋಡಿ. ಆಮ್ಲ ಹಾಕಿದಾಗ ಹಳದಿ ಕಿತ್ತಳೆಯಾಗುವುದು ಉತ್ಕರ್ಷಣವೂ ಅಲ್ಲ, ಅಪಕರ್ಷಣವೂ ಅಲ್ಲ.

ಫಾಸ್ಫೇಟಿಗೆ ಒಂದೊಂದೇ ಜಲಜನಕದ ಅಯಾನು ಸೇರಿಸುತ್ತ ಹೋಗಿ. ಫಾಸ್ಫೇಟ್: ಕ್ಷ − 8 = −3. ಹೈಡ್ರೋಜನ್ ಫಾಸ್ಫೇಟ್: 1 + ಕ್ಷ − 8 = −2. ಡೈಹೈಡ್ರೋಜನ್ ಫಾಸ್ಫೇಟ್: 2 + ಕ್ಷ − 8 = −1. ಮೂರರಲ್ಲೂ ರಂಜಕ +5. ಎಡಗಡೆ ಒಂದು ಸೇರಿದಾಗಲೆಲ್ಲ ಬಲಗಡೆಯೂ ಒಂದು ಸೇರುತ್ತದೆ. ಇಲ್ಲಿ ಬೇರೆ ಬೇರೆ ಉತ್ತರ ಬಂದರೆ ಜಲಜನಕ ಬರೆದು ಆವೇಶ ತಿದ್ದಲು ಮರೆತಿದ್ದೀರಿ.

ಲೆಕ್ಕ ಸರಿ, ಉತ್ತರ ವಿಚಿತ್ರ

ಕೆಲವು ಅಯಾನುಗಳಲ್ಲಿ ಒಂದೂ ಹೆಜ್ಜೆ ತಪ್ಪದೆ ಮಾಡಿದರೂ ನಂಬಲಾಗದ ಸಂಖ್ಯೆ ಬರುತ್ತದೆ. ಪೆರಾಕ್ಸೋಡೈಸಲ್ಫೇಟ್: ಗಂಧಕ 2, ಆಮ್ಲಜನಕ 8, ಆವೇಶ 2−. 2ಕ್ಷ − 16 = −2, ಕ್ಷ = +7. ಗಂಧಕದ ಮೇಲ್ಮಿತಿ +6. ಹಾಗಾದರೆ ಎಲ್ಲ ಆಮ್ಲಜನಕವೂ −2 ಎಂದು ಹಿಡಿದದ್ದೇ ತಪ್ಪು. ರಚನೆ ಬಿಡಿಸಿದರೆ ಎರಡು ಆಮ್ಲಜನಕಗಳು ಒಂದಕ್ಕೊಂದು ಅಂಟಿಕೊಂಡಿರುವುದು ಕಾಣುತ್ತದೆ. ಒಂದೇ ಜಾತಿಯ ಎರಡು ಪರಮಾಣುಗಳ ನಡುವಿನ ಎಲೆಕ್ಟ್ರಾನುಗಳನ್ನು ಯಾರೂ ಎಳೆದುಕೊಳ್ಳುವುದಿಲ್ಲ, ಸಮವಾಗಿ ಪಾಲಾಗುತ್ತವೆ. ಆ ಎರಡಕ್ಕೆ −1, ಉಳಿದ ಆರಕ್ಕೆ −2:

2ಕ್ಷ + 6 × (−2) + 2 × (−1) = −2
2ಕ್ಷ = +12, ಕ್ಷ = +6

ಮಿತಿ ಮೀರಿದ ಸಂಖ್ಯೆ ಪೆರಾಕ್ಸೈಡಿನ ಕೊಂಡಿ ಅಡಗಿರುವ ಸೂಚನೆ. ಭಿನ್ನರಾಶಿ ಬಂದರೆ ಅದು ಸರಾಸರಿ ಎಂಬ ಸೂಚನೆ. ಟೆಟ್ರಾಥಯೋನೇಟಿನಲ್ಲಿ ಗಂಧಕ 4, ಆಮ್ಲಜನಕ 6, ಆವೇಶ 2−, ಲೆಕ್ಕಕ್ಕೆ +2.5. ನಿಜದಲ್ಲಿ ನಾಲ್ಕು ಗಂಧಕ ಸಾಲಾಗಿ ನಿಂತಿವೆ, ತುದಿಯ ಎರಡಕ್ಕೆ ಆಮ್ಲಜನಕ ಅಂಟಿದೆ, ನಡುವಿನ ಎರಡಕ್ಕೆ ಗಂಧಕವೇ ನೆರೆಹೊರೆ. ಆದ್ದರಿಂದ +5, 0, 0, +5. ಥಯೋಸಲ್ಫೇಟಿನಲ್ಲಿ +2 ಬರುವುದೂ ಸರಾಸರಿಯೇ, ಪೂರ್ಣಾಂಕವಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ ಅಷ್ಟೆ. ಪರೀಕ್ಷೆಯಲ್ಲಿ ರಚನೆ ಕೇಳದಿದ್ದರೆ +2 ಬರೆದರೆ ಸಾಕು.

ಸಯನೈಡಿನಲ್ಲಿ ತೊಂದರೆ ಇನ್ನೊಂದು ಬಗೆಯದು: ಇಂಗಾಲ 1, ಸಾರಜನಕ 1, ಆವೇಶ 1−, ಎರಡಕ್ಕೂ ನಿಯಮವಿಲ್ಲ. ಆಗ ಎಳೆಯುವ ಶಕ್ತಿಯ ಕ್ರಮಕ್ಕೆ ಹೋಗಬೇಕು. ಸಾರಜನಕ ಬಲಶಾಲಿ, ಅದಕ್ಕೆ −3. ಇಂಗಾಲಕ್ಕೆ −1 + 3, ಅಂದರೆ +2. ಫೆರೋಸಯನೈಡಿನಂಥ ದೊಡ್ಡ ಅಯಾನಿನಲ್ಲಿ (ಕಬ್ಬಿಣ 1, ಸಯನೈಡ್ 6, ಆವೇಶ 4−) ಅಷ್ಟು ಒಳಗೆ ಹೋಗುವ ಅಗತ್ಯವೇ ಇಲ್ಲ. ಇಡೀ ಸಯನೈಡನ್ನು −1 ಎಂದು ಹಿಡಿದು ಕ್ಷ − 6 = −4 ಬರೆದರೆ ಕಬ್ಬಿಣಕ್ಕೆ +2 ಸಿಗುತ್ತದೆ.

ಲ್ಯಾಬಿನಲ್ಲಿ ಇದರ ಉಪಯೋಗ

ಪೊಟ್ಯಾಸಿಯಂ ಪರ್‌ಮ್ಯಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಹನಿಹನಿಯಾಗಿ ಬಿಟ್ಟು ಪ್ರಮಾಣ ಅಳೆಯುವುದು) ಮಾಡುವಾಗ 2 ಕ್ಕೆ 5 ಎಂಬ ಪ್ರಮಾಣವನ್ನು ಹೆಚ್ಚಿನವರು ಬಾಯಿಪಾಠ ಮಾಡುತ್ತಾರೆ. ಅದು ಬರುವುದು ಈ ಸಂಖ್ಯೆಗಳಿಂದ. ಮ್ಯಾಂಗನೀಸ್ +7 ರಿಂದ +2 ಗೆ ಇಳಿಯಲು ಐದು ಎಲೆಕ್ಟ್ರಾನು ಪಡೆಯುತ್ತದೆ. ಆಕ್ಸಲೇಟಿನಲ್ಲಿ ಇಂಗಾಲ 2, ಆಮ್ಲಜನಕ 4, ಆವೇಶ 2−, ಇಂಗಾಲ +3. ಇಂಗಾಲದ ಡೈಆಕ್ಸೈಡ್ ಆಗುವಾಗ ಅದು +4, ಎರಡು ಇಂಗಾಲ ಸೇರಿ ಎರಡು ಎಲೆಕ್ಟ್ರಾನು ಕೊಡುತ್ತವೆ. ಕೊಟ್ಟದ್ದು ಪಡೆದದ್ದು ಹತ್ತಕ್ಕೆ ಸರಿಹೊಂದಬೇಕಾದರೆ ಪರ್‌ಮ್ಯಾಂಗನೇಟ್ ಎರಡು, ಆಕ್ಸಲೇಟ್ ಐದು.

ಆಕ್ಸಾಲಿಕ್ ಆಮ್ಲವನ್ನು 60 ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಿಕೊಂಡು ಮಾಡುವ ಈ ಪ್ರಯೋಗದಲ್ಲಿ ಫ್ಲಾಸ್ಕಿನೊಳಗೆ ಕಂದು ಬಣ್ಣದ ಕದಡು ಕಂಡರೆ ಮ್ಯಾಂಗನೀಸ್ +2 ತಲುಪದೆ +4 ರ ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ನಿಂತಿದೆ ಎಂದರ್ಥ. ಗಂಧಕಾಮ್ಲ ಕಡಿಮೆಯಾಗಿದೆ, ಇಲ್ಲವೇ ಬ್ಯೂರೆಟ್ಟಿನಿಂದ ಅವಸರದಲ್ಲಿ ಬಿಟ್ಟಿದ್ದೀರಿ. ಆ ರೀಡಿಂಗ್ ಲೆಕ್ಕಕ್ಕೆ ಬಾರದು, ಹೊಸದಾಗಿ ಮಾಡಿ. ಗಂಧಕಾಮ್ಲದ ಬದಲು ಹೈಡ್ರೋಕ್ಲೋರಿಕ್ ಆಮ್ಲ ಏಕೆ ಬೇಡ ಎಂಬ ವೈವಾ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಅದರ ಕ್ಲೋರೈಡ್ −1 ರಿಂದ 0 ಗೆ ಏರಿ ಪರ್‌ಮ್ಯಾಂಗನೇಟನ್ನು ತಾನೂ ತಿನ್ನುತ್ತದೆ. ನೈಟ್ರಿಕ್ ಆಮ್ಲದಲ್ಲಿ +5 ರ ಸಾರಜನಕ ತಾನೇ ಉತ್ಕರ್ಷಕ. ಗಂಧಕಾಮ್ಲದ ಗಂಧಕ ಆಗಲೇ +6, ಮೇಲೆ ಏರಲು ಜಾಗವಿಲ್ಲ. ಸಾರರಿಕ್ತವಾಗಿದ್ದಾಗ ಕೆಳಗಿಳಿಯುವ ಗೋಜಿಗೂ ಹೋಗುವುದಿಲ್ಲ.

ಕೈ ಕುದುರಲು ಇನ್ನು ನಾಲ್ಕು. ಉತ್ತರ ನೋಡುವ ಮೊದಲು ಹಾಕಿ ನೋಡಿ.

ಪೈರೋಫಾಸ್ಫೇಟ್: ರಂಜಕ 2, ಆಮ್ಲಜನಕ 7, ಆವೇಶ 4−.
ಹೈಪೋಫಾಸ್ಫೈಟ್: ಜಲಜನಕ 2, ರಂಜಕ 1, ಆಮ್ಲಜನಕ 2, ಆವೇಶ 1−.
ವನಾಡಿಲ್: ವನಾಡಿಯಂ 1, ಆಮ್ಲಜನಕ 1, ಆವೇಶ 2+.
ಬೋರೋಹೈಡ್ರೈಡ್: ಬೋರಾನ್ 1, ಜಲಜನಕ 4, ಆವೇಶ 1−.

ರಂಜಕಕ್ಕೆ ಮೊದಲನೆಯದರಲ್ಲಿ +5, ಎರಡನೆಯದರಲ್ಲಿ +1. ವನಾಡಿಯಂ +4. ಕೊನೆಯದರಲ್ಲಿ ಬೋರಾನ್‌ಗೆ −5 ಬಂದಿದ್ದರೆ ಜಲಜನಕಕ್ಕೆ +1 ಕೊಟ್ಟಿದ್ದೀರಿ. ಬೋರಾನ್ ಲೋಹವಲ್ಲ, ಆದರೂ ಅದರ ಎಳೆತ 2.04, ಜಲಜನಕದ್ದು 2.20. ಎಲೆಕ್ಟ್ರಾನು ಜಲಜನಕದ ಪಾಲು, ಆದ್ದರಿಂದ ಅದಕ್ಕೆ −1, ಬೋರಾನ್‌ಗೆ +3.